ಗುಲಗಂಜಿಯವರ ಬೆಂಡು

ಅವರ ನಡಿಗೆಯೇ ವಿಚಿತ್ರ. ನೆಲ ಈಗಷ್ಟೇ ನಿದ್ದೆಹೋಗಿದೆಯೇನೋ ಎಂಬಂತೆ, ಹಿಮ್ಮಡಿ ತಾಗಿಯೂ ತಾಗದ ಹಾಗೆ ಹೆಜ್ಜೆ ಇಡುತ್ತಿದ್ದರು. ದಂಡೆಯಲ್ಲಿ ಸದ್ದಾದರೆ ಮೀನು ಚದುರುತ್ತವೆಂದು ಕಲಿತ ನಡಿಗೆ ಅದು. ಆದರೆ ಕೆರೆಗೂ ಅಡುಗೆಮನೆಗೂ ಭೇದವೆಣಿಸದೆ ಎಲ್ಲೆಡೆ ಹಾಗೆಯೇ ಸಂಚರಿಸುತ್ತಿದ್ದುದರಿಂದ, ಬೆನ್ನ ಹಿಂದೆ ಹಠಾತ್ತನೆ ಪ್ರತ್ಯಕ್ಷರಾದ ಗಂಡನನ್ನು ಕಂಡು ಬೆಚ್ಚಿ ಅವರ ಹೆಂಡತಿ ಕೈಬಿಟ್ಟ ಗಾಜಿನ ಲೋಟಗಳು ಒಂದೆರಡಲ್ಲ.

ವೃತ್ತಿ ತಕ್ಕಡಿ ರಿಪೇರಿ. ಗುಲಗಂಜಿಯಷ್ಟು ವ್ಯತ್ಯಾಸವಿದ್ದರೂ, ಯಾರು ಜಪ್ಪಯ್ಯ ಅಂದರೂ, ತಕ್ಕಡಿಯನ್ನು ಅಂಗಡಿಯಿಂದಾಚೆ ಬಿಡುತ್ತಿರಲಿಲ್ಲವಾದ್ದರಿಂದ ನಮ್ಮ ಬೀದಿಗೆ ಅವರು ಗುಲಗಂಜಿಯವರೇ ಆಗಿಹೋದರು.

ಭಾನುವಾರ ಬಂತೆಂದರೆ ಕಂದು ಕೋಟು ಮೈಗೇರುತ್ತಿತ್ತು. ಎಡಜೇಬಿನಲ್ಲಿ ನಿಶ್ಚಲ ಜಲಕ್ಕೆಂದು ಹಕ್ಕಿಗರಿಯ ದಂಟಿನಿಂದ ಮಾಡಿದ ತೆಳ್ಳನೆಯ ಬೆಂಡುಗಳು. ಬಲಜೇಬಿನಲ್ಲಿ ಅಲೆಯೆದ್ದ ನೀರಿಗೆಂದು ಬಿರಡೆ ಕೆತ್ತಿದ, ತುಸು ದಪ್ಪನೆಯವು. ಗಾಳದ ದಾರದಲ್ಲಿ ತೇಲುವ ಬೆಂಡು ಮುಳುಗಿದರೆ ಕೆಳಗೆ ಮೀನು ಬಾಯಿ ಹಾಕಿದೆಯೆಂದು ಲೆಕ್ಕ. ಗುಲಗಂಜಿಯವರು ಹಿಡಿಯುತ್ತಿದ್ದುದು ಬಾಣಲೆಗೆ ಹಿಡಿಸುವ, ಅಂಗೈಯಗಲದ ಮೀನು. ಮಹಾ ಸಂಶಯಪ್ರಾಣಿ, ಎಳೆದಾಗ ಮೇಲೆ ತೇಲುವ ಬೆಂಡಿನ ತಡೆ ತಿಳಿದರೆ ತಕ್ಷಣ ಹುಳುವನ್ನು ಉಗಿದುಬಿಡುತ್ತದೆ. ಆದ್ದರಿಂದ ಪ್ರತಿ ಬೆಂಡನ್ನೂ ಮೇಜಿನ ಮೇಲಿನ ನೀರಿನ ಲೋಟದಲ್ಲಿ ಇಳಿಬಿಟ್ಟು, ದಾರಕ್ಕೆ ಸೀಸದ ಗುಂಡುಗಳನ್ನು ಒಂದೊಂದಾಗಿ ಕಚ್ಚಿಸುತ್ತ, ಮುಟ್ಟಿದರೆ ಮುಳುಗುವ ಹಾಗೆ ಅಕ್ಕಿಕಾಳಿನಷ್ಟು ತುದಿ ಮಾತ್ರ ಮೇಲುಳಿಯುವ ತನಕ ಅವರು ಬಿಡುತ್ತಿರಲಿಲ್ಲ.

ಅವರ ಜೊತೆಗೆ ಕೆರೆಗೆ ಹೋಗುತ್ತಿದ್ದವನು ಹೆಂಡತಿಯ ತಮ್ಮ, ಬಸ್ ಡ್ರೈವರ್. ಅವನದು ಅಂಗಡಿಯಲ್ಲಿ ಕೊಂಡ, ನಿಂಬೆಹಣ್ಣಿನ ಗಾತ್ರದ ಕೆಂಪು ಪ್ಲಾಸ್ಟಿಕ್ ಬೆಂಡು. ಅದನ್ನು ಕಂಡಾಗಲೆಲ್ಲ ಗುಲಗಂಜಿಯವರು ಮೂಗು ಮುರಿದು, ಮೀನು ಹಿಡಿಯೋಕೆ ಬಂದೆಯೋ ಹಡಗು ಕಟ್ಟೋಕೆ ಬಂದೆಯೋ ಎಂದು ಛೇಡಿಸುತ್ತಿದ್ದರು.

ಒಂದು ವರ್ಷ ಸತತ ಆರು ಭಾನುವಾರ ಬರಿಗೈ. ಗಾಳ ಮೇಲೆತ್ತಿದರೆ ಹುಳು ಮಾಯ. ಮತ್ತೊಬ್ಬರಾಗಿದ್ದರೆ ಜಾಗ ಬದಲಿಸುತ್ತಿದ್ದರು. ಇವರು ಬೆಂಡನ್ನು ಶಂಕಿಸಿದರು. ಮೀನಿಗೆ ಇನ್ನೂ ಅದರ ತಡೆ ತಿಳಿಯುತ್ತಿದೆಯೆಂದು ವಾರವೆಲ್ಲ ಕೂತು ಹೆರೆದರು, ಉಜ್ಜಿದರು, ಕಡೆಗೆ ಕಡ್ಡಿಗಿಂತ ಸಪೂರವಾದದ್ದೊಂದನ್ನು ತಂದರು. ಏಳನೆಯ ಭಾನುವಾರ ಅದು ಮುಳುಗಿತು, ಎದ್ದಿತು, ಮತ್ತೆ ಮುಳುಗಿತು. ಗುಲಗಂಜಿಯವರು ಕಣ್ಣು ಕಿರಿದುಮಾಡಿ ನೀರನ್ನೇ ದಿಟ್ಟಿಸುತ್ತ ಕೂತೇ ಇದ್ದರು. ಡ್ರೈವರಿಗೆ ಆಗ ತಿಳಿಯಿತು. ತಿಳಿದದ್ದನ್ನು ಹೇಳಲು ಅವನಿಗೆ ಸಂಕಟವಾಯಿತು.

"ಭಾವ, ನಿಮ್ಮ ಬೆಂಡು ಮುಳುಗಿ ಆಗಲೇ ಎಷ್ಟೊತ್ತಾಯ್ತು," ಎಂದ.

ಅವರು ದಾರ ಸುತ್ತಿಕೊಂಡರು. ಅಂದು ಬೀದಿಯಲ್ಲಿ ಹಿಮ್ಮಡಿ ನೆಲಕ್ಕೆ ಬಡಿಯುವ ಸದ್ದು ಕೇಳಿ ನಾನು ಕಿಟಕಿಯಿಂದ ಇಣುಕಿದರೆ, ಹೋಗುತ್ತಿದ್ದವರು ಗುಲಗಂಜಿಯವರು. ಕಣ್ಣು ಮಂಜಾದದ್ದು ಅದುವರೆಗೆ ಗೊತ್ತಾಗಿರಲಿಲ್ಲ, ಮೇಜಿನ ಕೆಲಸಕ್ಕೆ ಭೂತಗನ್ನಡಿಯಿತ್ತು. ಇಪ್ಪತ್ತು ಅಡಿ ಆಚೆ ತೇಲುವ ಅಕ್ಕಿಕಾಳಿಗೆ ಯಾವ ಕನ್ನಡಕವೂ ಒದಗದೆಂದು ಕಣ್ಣಿನ ಡಾಕ್ಟರು ಕೈಚೆಲ್ಲಿದರು. ಎರಡು ಭಾನುವಾರ ಕೋಟು ಗೂಟದಲ್ಲೇ ನೇತಾಡಿತು. ಇನ್ನು ಇವರು ಕೆರೆಯ ಕಡೆ ತಲೆಹಾಕುವುದಿಲ್ಲವೆಂದು ನನಗೂ ಬೇಸರವಾಯಿತು.

ಮೂರನೆಯ ಭಾನುವಾರ ಭಾವಮೈದನ ಬಾಗಿಲಿಗೆ ಹೋಗಿ, "ನಿನ್ನ ಆ ನಿಂಬೆಹಣ್ಣು ಕೊಡು," ಎಂದರಂತೆ. ಅದು ಸೀಸದ ಸರದೊಡನೆ ಲೋಟದಲ್ಲಿ ಹಿಡಿಸದೆ ಬಕೆಟ್ಟು ತರಬೇಕಾಯಿತು. ಇಡೀ ಬೆಳಗು ಸೀಸ ಕಚ್ಚಿಸಿ, ಕಚ್ಚಿಸಿದ್ದನ್ನು ಕಳಚಿ, ಕೊನೆಗೆ ಆ ಗಡವ ಬೆಂಡು ಉಗುರಗಲದ ಕೆಂಪನ್ನಷ್ಟೇ ಮೇಲುಳಿಸಿಕೊಂಡು ಮುಳುಗಿ ನಿಂತಾಗ, ಒದ್ದೆ ಕೈ ಒರೆಸಿಕೊಳ್ಳುತ್ತ ಹೇಳಿದರು:

"ಮೇಲಿರೋದು ನನಗೆ. ಕೆಳಗಿರೋದು ಮೀನಿಗೆ."

ಅಂದು ಸಂಜೆ ಒಂದೇ ಒಂದು ಮೀನಿನೊಡನೆ ಮರಳಿದರು. ಯಾವಾಗ ಬಂದರೆಂದು ಬೀದಿಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಅಡುಗೆಮನೆಯಲ್ಲಿ ಲೋಟ ಒಡೆದ ಸದ್ದು ಮಾತ್ರ ಕೇಳಿಸಿತು.

ಹಟಮಾರಿಗಳೆಲ್ಲ ಒಂದೇ ಜಾತಿಯವರಲ್ಲ. ಕೆಲವರು ಸೋಲನ್ನು ಒಪ್ಪುವುದೇ ಇಲ್ಲ. ಕೆಲವರು ಒಪ್ಪಿದ ಮೇಲೆ ಎಲ್ಲವನ್ನೂ ಚೆಲ್ಲಿ ಕೂರುತ್ತಾರೆ. ಗುಲಗಂಜಿಯವರಂಥವರು ಸೋಲನ್ನೂ ತೂಗಿಯೇ ತೆಗೆದುಕೊಳ್ಳುತ್ತಾರೆ, ಬೇಕಾದದ್ದಕ್ಕಿಂತ ಒಂದು ಗುಂಡು ಹೆಚ್ಚಾಗದ ಹಾಗೆ.