ಲೆಕ್ಕಕ್ಕೆ ಬಾರದ ಶನಿವಾರಗಳು

ನೊಯೆಮಿಯನ್ನು ನಮ್ಮ ಸಂಘಕ್ಕೆ ಕರೆತಂದವಳು ನಾನು. ಹೊರಗೆ ಹಾಕಿದವಳೂ ನಾನೇ. ಎರಡನೆಯದು ಸಂಘದಲ್ಲಿ ಯಾರಿಗೂ ಗೊತ್ತಿರಲಿಲ್ಲ, ಯಾಕೆಂದರೆ ಮತ ಹಾಕುವಾಗ ಎಲ್ಲರೂ ಕಣ್ಣು ಮುಚ್ಚಿ, ತಲೆ ತಗ್ಗಿಸಿ ಕೈ ಎತ್ತುವುದು ನಮ್ಮ ಪದ್ಧತಿ. ಕಣ್ಣು ಬಿಟ್ಟುಕೊಂಡು ಎಣಿಸುವ ಹಕ್ಕು ಅಧ್ಯಕ್ಷೆಗೆ ಮಾತ್ರ. ಆ ವರ್ಷ ಅಧ್ಯಕ್ಷೆ ನಾನಾಗಿದ್ದೆ.

ನಮ್ಮದು ಕಾಲೇಜು ಹುಡುಗಿಯರ ಸಂಘ. ಸಂಘದ ಗುರುತಿನ ಕೋಟು, ಅದರ ಬೆನ್ನ ಮೇಲೆ ಸಂಘದ ಹೆಸರಿನ ಮೂರು ಗ್ರೀಕ್ ಅಕ್ಷರ, ಒಂದೇ ಮನೆಯಲ್ಲಿ ಒಟ್ಟು ಹನ್ನೆರಡು ಜನ. ಎಲ್ಲರ ಮನೆಮಾತೂ ಸ್ಪ್ಯಾನಿಷ್, ಎಲ್ಲರ ಅಪ್ಪ ಅಮ್ಮಂದಿರೂ ಈ ಕಣಿವೆಯ ದ್ರಾಕ್ಷಿ, ಬಾದಾಮಿ, ಕಿತ್ತಳೆ ತೋಟಗಳಲ್ಲಿ ಬೆನ್ನು ಬಗ್ಗಿಸಿದವರು. ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದ ಹುಡುಗಿಯರು ದಿಕ್ಕು ತಪ್ಪಬಾರದು, ನಾಲ್ಕು ಜನರ ಮುಂದೆ ನಿಂತು ಮಾತಾಡುವಂತಾಗಬೇಕು, ಊರಿನ ಸೇವೆ ಮಾಡಬೇಕು ಅಂತ ಕಟ್ಟಿದ ಸಂಘ. ಹೊಸದಾಗಿ ಸೇರಿದವಳಿಗೆ ಒಬ್ಬ ಅಕ್ಕನನ್ನು ಗೊತ್ತುಮಾಡುತ್ತೇವೆ. ಕೋಟು ತೊಡಿಸುವವಳು ಅವಳೇ. ನೊಯೆಮಿಗೆ ತೊಡಿಸಿದವಳು ನಾನು.

ಅವಳ ತಾಯಿ ದೋನ್ಯಾ ಎರ್ಲಿಂದಾ ಒಪ್ಪಿರಲಿಲ್ಲ. ಗಂಡ ಸತ್ತು ಎಷ್ಟೋ ವರ್ಷವಾಗಿತ್ತು. ಲಾಸ್ ಸೌಸೆಸ್ ಎಂಬ ಸಣ್ಣ ಊರಿನ ಕಿತ್ತಳೆ ಶೆಡ್ಡಿನಲ್ಲಿ ಹಣ್ಣು ಆರಿಸಿ ಡಬ್ಬಕ್ಕೆ ತುಂಬುವ ಕೆಲಸ, ಇರುವವಳು ಒಬ್ಬಳೇ ಮಗಳು. ಊರು ಬಿಟ್ಟು ಕಂಡವರ ಮಕ್ಕಳ ಜತೆ ಒಂದು ಮನೆಯಲ್ಲಿರುವುದೆಂದರೇನು ಅಂತ ಆಕೆಯ ಹಟ. ಕೊನೆಗೆ ಹೆಣ್ಣು ಕೇಳಲು ಹೋಗುವವರ ಹಾಗೆ ನಾನೇ ಒಂದು ಪೆಟ್ಟಿಗೆ ಸಿಹಿ ಬ್ರೆಡ್ಡು ಹಿಡಿದು ಹೋದೆ. ಆಕೆ ಕೋಳಿ ಸಾರಿನ ಬಟ್ಟಲು ನನ್ನ ಮುಂದಿಟ್ಟು ವಿಚಾರಣೆ ನಡೆಸಿದರು. ಕುಡಿಯುತ್ತೀರಾ, ಬಾಗಿಲಿಗೆ ಬೀಗ ಯಾರು ಹಾಕುತ್ತಾರೆ, ಭಾನುವಾರ ಚರ್ಚಿಗೆ ಹೋಗುತ್ತೀರಾ. ಎಲ್ಲಕ್ಕೂ ಉತ್ತರ ಕೊಟ್ಟು, ಇನ್ನು ಮೇಲೆ ಇವಳು ನನ್ನ ತಂಗಿ, ಇವಳ ಕಷ್ಟಸುಖ ನನ್ನದು ಅಂದೆ. ಮಾತಿನಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ನಾಯಕತ್ವದ ಶಿಬಿರದಲ್ಲಿ ಎರಡು ಸಲ ಬಹುಮಾನ ಹೊಡೆದವಳು ನಾನು.

ಪ್ರತಿ ಸೆಮಿಸ್ಟರಿಗೆ ಮೂವತ್ತು ಗಂಟೆ ಸೇವೆ ಮಾಡಬೇಕು ಅಂತ ನಮ್ಮ ನಿಯಮ. ಹಿಂದೊಮ್ಮೆ ಒಬ್ಬ ಮಹಾತಾಯಿ ಅಣ್ಣನ ಮಗನ ಹುಟ್ಟುಹಬ್ಬಕ್ಕೆ ಬಲೂನು ಕಟ್ಟಿದ್ದನ್ನೂ ಸೇವೆ ಅಂತ ಬರೆದುಕೊಟ್ಟಿದ್ದಳು. ನನಗೆ ಮೈಯೆಲ್ಲ ಉರಿದುಹೋಯಿತು. ಸ್ವಂತ ಮನೆಯವರಿಗೆ ಮಾಡಿದ್ದು ಲೆಕ್ಕಕ್ಕೆ ಬರುವುದಿಲ್ಲ ಎಂಬ ನಿಯಮವನ್ನು ಆವತ್ತೇ ಕೂತು ಬರೆದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಕೈಗೆ ನೋವಾಗುವಷ್ಟು ತಟ್ಟಿದವಳು ನಮ್ಮ ಕಾರ್ಯದರ್ಶಿ ಗ್ರಿಸೆಲ್ದಾ.

ನೊಯೆಮಿ ಎರಡನೆಯ ವರ್ಷಕ್ಕೆ ಬಂದಾಗ ಶನಿವಾರಗಳಂದು ಕಾಣೆಯಾಗತೊಡಗಿದಳು. ನಾವು ಸೇವೆಗೆ ಹೊರಡುವುದೇ ಶನಿವಾರ. ಅವಳು ಬೆಳಗ್ಗೆ ಆರರ ಬಸ್ಸಿಗೆ ಹೋದರೆ ಸಂಜೆಗೇ ವಾಪಸ್ಸು. ಕೇಳಿದರೆ ಕೆಲಸವಿತ್ತು ಅನ್ನುತ್ತಿದ್ದಳು. ಡಿಸೆಂಬರಿನಲ್ಲಿ ಕೂಡಿಸಿ ನೋಡಿದರೆ ಅವಳ ಹೆಸರಿನ ಮುಂದೆ ಬರೀ ಆರು ಗಂಟೆ. ಆ ಆರು ಗಂಟೆಯೂ ಕಣಿವೆ ಜ್ವರದ ಕರಪತ್ರ ಬರೆಯಲು ಕೂತದ್ದು. ನಮ್ಮ ಕಡೆಯ ಒಣಮಣ್ಣಿನ ಧೂಳಿನಲ್ಲಿ ಒಂದು ಬಗೆಯ ಬೂಷ್ಟಿರುತ್ತದೆ, ಅದು ಎದೆಗೂಡು ಹೊಕ್ಕರೆ ಈ ಜ್ವರ ತಿಂಗಳುಗಟ್ಟಲೆ ಬಿಡುವುದಿಲ್ಲ. 'ಹಾಸಿಗೆ ಹಿಂಡುವಷ್ಟು ಬೆವರು, ತಲೆ ಬಾಚಲು ಕೈ ಎತ್ತಿದರೂ ಸುಸ್ತು, ತುಂಬಿದ ಚೊಂಬು ಭಾರ' ಅಂತ ನೊಯೆಮಿ ಬರೆದಿದ್ದಳು. ಯಾವ ಡಾಕ್ಟರರ ಪುಸ್ತಕದಲ್ಲೂ ಅಂಥ ಸಾಲು ಇರಲಿಲ್ಲ. ಎಷ್ಟು ಚೆನ್ನಾಗಿ ಬರೆದಿದ್ದೀಯೆ ಅಂತ ಎಲ್ಲರೂ ಹೊಗಳಿದೆವು. ಇದೆಲ್ಲ ನಿನಗೆ ಹೇಗೆ ಗೊತ್ತು ಅಂತ ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಗ್ರಿಸೆಲ್ದಾ ಹಾಳೆ ತಂದು ನನ್ನ ಮುಂದೆ ಹಿಡಿದಳು. "ನಿನ್ನ ತಂಗಿ ಅಂತ ಮಾಫಿನಾ? ಹಂಗಿದ್ರೆ ಈಗ್ಲೇ ಹೇಳ್ಬಿಡು, ನಾವೂ ಶನಿವಾರ ಹೊದ್ಕೊಂಡು ಮಲಗ್ತೀವಿ."

ಆ ಮಾತು ಚುಚ್ಚಬೇಕಾದ ಕಡೆಯೇ ಚುಚ್ಚಿತು. ನೊಯೆಮಿಯನ್ನು ಹಿತ್ತಲ ಮೆಟ್ಟಿಲಿಗೆ ಕರೆದು ಕೂರಿಸಿ, ಎಲ್ಲಿ ಹೋಗುತ್ತೀಯ ಹೇಳು ಅಂದೆ.

"ಮನೆಗೆ. ಮನೇಲಿ ಕೆಲಸ ಇರತ್ತೆ ಅಕ್ಕ."

"ಏನು ಕೆಲಸ?"

"ಹೇಳಿದ್ರೆ ಲೆಕ್ಕಕ್ಕೆ ಬರತ್ತಾ?"

"ಮನೆಯವರದ್ದು ಬರಲ್ಲ. ನಿಂಗೇ ಗೊತ್ತಲ್ಲ."

"ಮತ್ಯಾಕೆ ಕೇಳ್ತೀಯ?"

ಇನ್ನೊಂದು ಸಲ ಕೇಳಿದ್ದರೆ ಹೇಳುತ್ತಿದ್ದಳೋ ಏನೋ. ನನಗೆ ಸಿಟ್ಟು ಬಂದಿತ್ತು. ಎದ್ದು ಒಳಗೆ ಹೋದೆ.

ಜನವರಿಯ ಮೊದಲ ಸಭೆಯಲ್ಲಿ ಮತಕ್ಕೆ ಹಾಕಿದೆವು. ನೊಯೆಮಿ ಹೊರಗೆ ವರಾಂಡದಲ್ಲಿ ಕೂತಿದ್ದಳು. ತೆಗೆದುಹಾಕಬೇಕು ಅನ್ನುವವರು ಕೈ ಎತ್ತಿ ಅಂದಾಗ ಐದು ಕೈ ಮೇಲೆದ್ದವು, ಐದು ಮಡಿಲಲ್ಲೇ ಉಳಿದವು. ಸಮಸಮ ಬಿದ್ದರೆ ಅಧ್ಯಕ್ಷೆಯ ಕೈಯೇ ತೀರ್ಮಾನ. ಹತ್ತು ತಲೆ ನನ್ನ ಮುಂದೆ ಬಗ್ಗಿದ್ದವು, ಯಾರೂ ನನ್ನನ್ನು ನೋಡುತ್ತಿರಲಿಲ್ಲ. ಸುಮ್ಮನಿದ್ದಿದ್ದರೆ ಅವಳು ಉಳಿಯುತ್ತಿದ್ದಳು. ಆದರೂ ಎತ್ತಿದೆ. ನ್ಯಾಯವಂತೆ ಅನ್ನಿಸಿಕೊಳ್ಳುವ ಆಸೆ ತಂಗಿಯ ಮೇಲಿನ ಪ್ರೀತಿಗಿಂತ ಗುಲಗಂಜಿಯಷ್ಟು ಹೆಚ್ಚೇ ತೂಗಿತು. ಈಗ ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಕೋಟನ್ನು ತೊಡಿಸಿದವಳ ಕೈಗೇ ಮರಳಿಸಬೇಕು. ನೊಯೆಮಿ ಅದನ್ನು ಒಗೆದು, ಇಸ್ತ್ರಿ ಮಾಡಿ, ಮಡಿಸಿ ತಂದುಕೊಟ್ಟಳು. ಅದೇ ವಾರ ಕಾಲೇಜಿನ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹಿಡಿದು ಹೋದಳು.

ಫೆಬ್ರವರಿಯ ಮೊದಲ ಭಾನುವಾರ ಲಾಸ್ ಸೌಸೆಸ್‌ನ ಚರ್ಚಿನಲ್ಲಿ ನಮ್ಮ ಆರೋಗ್ಯ ಶಿಬಿರವಿತ್ತು. ಜನ ಸೇರುತ್ತಾರೆ ಅಂತ ಕಾಂದೆಲಾರಿಯಾ ಹಬ್ಬದ ದಿನವೇ ಇಟ್ಟುಕೊಂಡಿದ್ದೆವು. ಪೂಜೆ ಮುಗಿಸಿದ ಜನ ತಮಾಲೆ ಕಡುಬು ಕಟ್ಟಿಕೊಂಡೇ ಬಂದಿದ್ದರು, ಸಭಾಂಗಣವೆಲ್ಲ ಬೆಂದ ಜೋಳದ ವಾಸನೆ. ನಾನು ಜ್ವರದ ಬಗ್ಗೆ ಭಾಷಣ ಮುಗಿಸಿ ಕೆಳಗಿಳಿದೆ. ಒಬ್ಬ ಹೆಂಗಸು ಕುರ್ಚಿಗಳ ಬೆನ್ನು ಹಿಡಿದುಕೊಂಡು ಒಂದೊಂದೇ ಹೆಜ್ಜೆ ಇಡುತ್ತ ನನ್ನತ್ತ ಬಂದರು. ಅರ್ಧಕ್ಕೆ ಇಳಿದುಹೋಗಿದ್ದರು. ಮಾತಾಡಿದ ಮೇಲೆಯೇ ಅದು ದೋನ್ಯಾ ಎರ್ಲಿಂದಾ ಅಂತ ನನಗೆ ಗೊತ್ತಾದದ್ದು.

"ನಿಂಗೆ ದೇವರು ಒಳ್ಳೇದು ಮಾಡ್ಲಿ ಮಗಳೇ," ಅಂದರು, ನನ್ನ ಎರಡೂ ಕೈ ಹಿಡಿದುಕೊಂಡು. "ನೀವು ಅವಳನ್ನ ಕಳಿಸ್ದೇ ಇದ್ದಿದ್ರೆ ಈ ಚಳಿಗಾಲ ನಾನು ದಾಟ್ತಿರ್ಲಿಲ್ಲ."

ಆಮೇಲೆ ಕೂತು, ಉಸಿರು ತೆಗೆದುಕೊಳ್ಳುತ್ತ ಎಲ್ಲ ಹೇಳಿದರು. ಆಗಸ್ಟಿನಲ್ಲಿ ಜ್ವರ ಹಿಡಿದಾಗ ನೊಯೆಮಿ ಕಾಲೇಜು ಬಿಟ್ಟು ಬರುತ್ತೇನೆ ಅಂದಳಂತೆ. ಪುಸ್ತಕ ಬಿಟ್ಟು ಬಂದರೆ ಬಾಗಿಲು ತೆಗೆಯುವುದಿಲ್ಲ ಅಂತ ಈಕೆ ಆಣೆ ಇಟ್ಟರಂತೆ. ಮುಂದಿನ ಶನಿವಾರ ಅವಳು ಬಂದು, ಇದು ಸಂಘದ ಅಪ್ಪಣೆ ಅಂದಳಂತೆ. ಒಬ್ಬೊಬ್ಬಳಿಗೆ ಒಬ್ಬೊಬ್ಬ ರೋಗಿಯನ್ನು ವಹಿಸಿದ್ದಾರೆ, ನನಗೆ ನಿನ್ನನ್ನೇ ಕೊಟ್ಟಿದ್ದಾರೆ, ಶನಿವಾರ ತಪ್ಪಿಸಿದರೆ ಹೊರಗೆ ಹಾಕುತ್ತಾರೆ ಅಂತ. ಅಪ್ಪಣೆ ಅಂದ ಮೇಲೆ ಈಕೆಗೆ ಬೇಡ ಅನ್ನಲಾಗಲಿಲ್ಲ. ಅವತ್ತಿನಿಂದ ಪ್ರತಿ ಶನಿವಾರ ನೊಯೆಮಿ ತಾಯಿಗೆ ಸ್ನಾನ ಮಾಡಿಸಿ, ಬಟ್ಟೆ ಒಗೆದು, ವಾರಕ್ಕಾಗುವಷ್ಟು ಬೇಯಿಸಿಟ್ಟು ಹೋಗುತ್ತಿದ್ದಾಳೆ.

ಪಕ್ಕದ ಮೇಜಿನಲ್ಲಿ ಯಾರದೋ ರಕ್ತದೊತ್ತಡ ನೋಡುತ್ತಿದ್ದ ಗ್ರಿಸೆಲ್ದಾ ತಲೆ ಎತ್ತಲಿಲ್ಲ. ಅವಳ ಕಿವಿ ಕೆಂಪಾಗಿತ್ತು.

ಈಕೆಗೆ ಏನೂ ಗೊತ್ತಿಲ್ಲ, ಹೂಂ ಅಂದು ನಕ್ಕು ಕಳಿಸಿಬಿಡಬಹುದಿತ್ತು. ನನ್ನ ಕೈ ಇನ್ನೂ ಆಕೆಯ ಕೈಯಲ್ಲಿತ್ತು, ಹಾಗೆ ಮಾಡಲಾಗಲಿಲ್ಲ. ನಿಯಮ, ಆರು ಗಂಟೆ, ಹಿತ್ತಲ ಮೆಟ್ಟಿಲು, ಮತ, ಎಲ್ಲ ಹೇಳಿದೆ.

"ಐದು ಐದು ಬಿತ್ತು ಅಮ್ಮ. ಆರನೇ ಕೈ ನಂದು."

ದೋನ್ಯಾ ಎರ್ಲಿಂದಾ ತಮ್ಮ ಕೈ ಹಿಂದಕ್ಕೆ ತೆಗೆದುಕೊಂಡರು. ಬಹಳ ಹೊತ್ತು ಕೆಮ್ಮಿದರು.

"ತಪ್ಪಿಸಿದ್ರೆ ಹೊರಗೆ ಹಾಕ್ತಾರೆ ಅಂದಿದ್ಲು," ಅಂದರು. "ಅವಳು ತಪ್ಪಿಸ್ಲಿಲ್ವಲ್ಲ. ಒಂದು ಶನಿವಾರಾನೂ ತಪ್ಪಿಸ್ಲಿಲ್ಲ."

ನಿಯಮ ಬದಲಿಸುತ್ತೇವೆ, ಮತ್ತೆ ಸೇರಿಸಿಕೊಳ್ಳುತ್ತೇವೆ ಅಂತ ಏನೇನೋ ಬಡಬಡಿಸಿದೆ. ಆಕೆ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

"ಅದು ನೀವು ನೀವು ನೋಡ್ಕೊಳ್ಳಿ. ನಾವಿಬ್ರೂ ಮಾತಾಡಿದ್ದು ಊರವರಿಂದ ಅವಳ ಕಿವಿಗೆ ಬೀಳತ್ತೆ, ಅದಕ್ಕೆ ಮುಂಚೆ ಈಗ್ಲೇ ಅವಳಿಗೆ ಫೋನ್ ಮಾಡು. ಅಮ್ಮನ ಶನಿವಾರ ಮುಂದುವರಿಸ್ಬೇಕು, ಸಂಘದ ಅಪ್ಪಣೆ ಅನ್ನು. ನಂಗೆ ಗೊತ್ತಾಯ್ತು ಅಂತ ಅವಳಿಗೆ ತಿಳೀಬಾರ್ದು ಕಣಮ್ಮ. ತಿಳಿದ್ರೆ ಇನ್ಯಾವ ನೆಪಾನೂ ಉಳಿಯಲ್ಲ. ಪುಸ್ತಕ ಕಟ್ಟಿಟ್ಟು ಮನೆಗೇ ಬಂದ್ಬಿಡ್ತಾಳೆ."

ಫೋನ್ ಮಾಡಿದೆ. ಕರೆ ಎತ್ತಲಾರಳು ಅಂದುಕೊಂಡಿದ್ದೆ, ಎತ್ತಿದಳು. ಆಕೆ ಹೇಳಿಕೊಟ್ಟಂತೆಯೇ ಹೇಳಿದೆ.

"ಅಮ್ಮ ಪಕ್ಕದಲ್ಲಿದ್ದಾಳಾ?" ಅಂದಳು ನೊಯೆಮಿ.

"ಇದಾರೆ."

"ಅವಳಿಗೆ ಎಲ್ಲ ಹೇಳಿದ್ಯಾ?"

ತಾಯಿ ನನ್ನ ಮುಖವನ್ನೇ ನೋಡುತ್ತಿದ್ದರು. ಇಲ್ಲ ಅಂದೆ.

ಅವಳು ನಿಟ್ಟುಸಿರು ಬಿಟ್ಟದ್ದು ಕೇಳಿಸಿತು. "ಬರ್ತೀನಿ ಅಂತ ಹೇಳು ಅವಳಿಗೆ. ಇನ್ಮೇಲೆ ನಂಗೆ ಫೋನ್ ಮಾಡ್ಬೇಡ ಅರಸೇಲಿ."

ಎರಡು ವರ್ಷದಲ್ಲಿ ಅವಳು ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಫೋನನ್ನು ಚೀಲಕ್ಕೆ ಹಾಕಿದೆ. ಬರುತ್ತಾಳಂತೆ ಅಂತ ತಾಯಿಗೆ ಹೇಳಿದೆ.

ದೋನ್ಯಾ ಎರ್ಲಿಂದಾ ತಲೆಯಾಡಿಸಿದರು.

"ಅಕ್ಕ ಅಂದ್ಲಾ?"

ಅಂದಳು ಅಂದೆ.