ಇನ್ನೊಂದು ಸುತ್ತು

ನಮ್ಮ ಮನೆಯವರಿಗೆ ಒಂದು ಚಾಳಿ. ಏನನ್ನೇ ತಿರುಗಿಸಲಿ, ಬಿಗಿಯಾದ ಮೇಲೂ ಇನ್ನೊಂದು ಸುತ್ತು ತಿರುಗಿಸದೆ ಬಿಡುವವರಲ್ಲ. ಅಪ್ಪ ಮುಚ್ಚಿದ ಡಬ್ಬಿಯನ್ನು ಅಮ್ಮ ಬಾಗಿಲ ಸಂದಿಗೆ ಸಿಕ್ಕಿಸಿ ತೆಗೆಯುತ್ತಿದ್ದಳು. ನಲ್ಲಿಗಳಂತೂ ನಮ್ಮ ಕೈಯಲ್ಲಿ ಬಾಳಿದ್ದೇ ಇಲ್ಲ. ಈ ಚಾಳಿಯಿಂದ ಪಾರಾದವಳು ಅಕ್ಕ ಒಬ್ಬಳೇ. ಊರಿನ ಅರ್ಧ ಜನಕ್ಕೆ ಕಾರು ಓಡಿಸಲು ಕಲಿಸಿದವಳು, ತನ್ನ ಹಳೆಯ ಕಾರಿನ ಒಂದೊಂದು ನಟ್ಟನ್ನೂ ತಾನೇ ಬಿಚ್ಚಿ ಹಾಕಿದವಳು.

ಈಗ ಅವಳ ಒಂದು ಕಣ್ಣು ಪೂರ್ತಿ ಹೋಗಿದೆ. ಇನ್ನೊಂದಕ್ಕೆ ನಾಳೆ ಆಪರೇಷನ್. ಆಮೇಲೆ ಎಷ್ಟು ಉಳಿಯುತ್ತದೋ ಹೇಳಲಾಗದು ಎಂದಿದ್ದರು ಡಾಕ್ಟರು. ಅಕ್ಕ ಬಯಸಿದ್ದು ಒಂದೇ: ಇವತ್ತು ಬೆಳಕಿರುವಾಗ, ಮನೆಯ ಹಿಂದಿನ ಖಾಲಿ ಮೈದಾನದಲ್ಲಿ, ಒಂದು ಸಲ ತನ್ನ ಕಾರು ಓಡಿಸಬೇಕು.

ಕಾರೋ, ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲ್ ದೂಡುವ ಫ್ಯೂಯೆಲ್ ಪಂಪ್ ಒಡೆದು ಸೋರಿಸಿಕೊಂಡು ಶೆಡ್ಡಿನಲ್ಲಿ ನಿಂತಿತ್ತು. ಹೊಸ ಪಂಪೇನೋ ಬಂದಿತ್ತು. ಅಂಗಡಿಯವನ ಬಳಿ ಇದ್ದದ್ದು ಅದೊಂದೇ, ಮತ್ತೊಂದು ಬೇಕೆಂದರೆ ಹಡಗು ಹತ್ತಿ ಬರಬೇಕು. ಅದನ್ನು ಕೂರಿಸಲು ಅವಳಿಗೆ ಕಣ್ಣು ಸಾಲದು. ಗ್ಯಾರೇಜಿನವರು ಈ ಮುದಿ ಗಾಡಿಯನ್ನು ಇವತ್ತೇ ಮುಟ್ಟಲು ಒಲ್ಲೆ ಎಂದರು. ಕೊನೆಗೆ ಉಳಿದವನು ನಾನು, ಹುಟ್ಟಾ ದರ್ಜಿ. ಸೂಜಿ ಬಿಟ್ಟರೆ ಬೇರೆ ಕಬ್ಬಿಣ ಹಿಡಿದವನಲ್ಲ.

"ಪಂಪಿನ ಫ್ಯೂಸ್ ಕಿತ್ತು ಸ್ಟಾರ್ಟ್ ಮಾಡು, ಪುಟ್ಟ. ಪೈಪಲ್ಲಿ ಇರೋದನ್ನ ಕುಡಿದು ತಾನೇ ಆಫ್ ಆಗುತ್ತೆ. ಇಲ್ಲಾಂದ್ರೆ ಬಿಚ್ಚಿದ ಕೂಡ್ಲೇ ಮುಖಕ್ಕೆ ಹಾರುತ್ತೆ," ಎಂದಳು ಅಕ್ಕ, ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು.

ತಲೆ ನರೆತ ಈ ಪುಟ್ಟ ಹೇಳಿದಂತೆ ಕೇಳಿದ. ಎಂಜಿನ್ ಕೆಮ್ಮಿ ನಿಂತಿತು. ಬ್ಯಾಟರಿ ಕಳಚಿ, ಕಾರಿನ ಹಿಂಬದಿಯನ್ನು ಎತ್ತಿ ಸ್ಟ್ಯಾಂಡಿನ ಮೇಲಿಟ್ಟು, ಅಡಿಗೆ ತೂರಿದೆ.

"ಟ್ಯಾಂಕಿನ ಪೈಪಿಗೆ ಕ್ಲ್ಯಾಂಪ್ ಹಾಕಿದ್ಯಾ?"

"ಹಾಕಿದೆ."

"ತಾಮ್ರದ ವಾಷರ್ ಹೊಸದು ತಾನೆ?"

"ಹೊಸದೇ ಅಕ್ಕ."

"ಪಂಪಿನ ಬಾಯಿ ಮೆತ್ತನೆ ಲೋಹ. ಬಿಗಿ ಆಯ್ತು ಅಂತ ಕೈಗೆ ಗೊತ್ತಾದ ತಕ್ಷಣ ನಿಲ್ಲಿಸು. ಅಪ್ಪನ ಮಗ ಆಗ್ಬೇಡ."

"ಮತ್ತೆ ನಾನು ಯಾರ ಮಗ?" ಎಂದೆ. ಅವಳು ನಕ್ಕಳು. ಎಷ್ಟೋ ದಿನದ ಮೇಲೆ ಕೇಳಿದ ನಗು ಅದು.

ಹಳೆಯ ಪಂಪ್ ಇಳಿಯಿತು, ಹೊಸದು ಕೂತಿತು. ಕ್ಲ್ಯಾಂಪ್ ಬಿಚ್ಚಿ ಬ್ಯಾಟರಿ, ಫ್ಯೂಸ್ ಎಲ್ಲ ಹಾಕಿದ ಮೇಲೆ ಅಕ್ಕ ಬಂದು ಕೀ ತಿರುಗಿಸಿದಳು. ಪಂಪ್ ಗುಂಯ್‌ಗುಟ್ಟಿತು. ಮತ್ತೆ ಅಡಿಗೆ ತೂರಿ ಜೋಡಣೆಗೆ ಕಾಗದ ಒತ್ತಿ ನೋಡಿದೆ. ಒದ್ದೆಯಾಗಲಿಲ್ಲ.

"ಇಳಿಸು ಹಾಗಾದ್ರೆ. ನಾನು ಬೂಟು ಹಾಕ್ಕೊಂಡು ಬರ್ತೀನಿ," ಎಂದು ಕೀ ಆಫ್ ಮಾಡಿ ಒಳಗೆ ಹೋದಳು.

ಅಲ್ಲಿಗೆ ಹೊರಗೆ ಬರಬೇಕಿತ್ತು. ಬರಲಿಲ್ಲ. ಮೈದಾನದ ನಡುವೆ ಸೋರಿದರೆ? ಬೆಂಕಿ ಹತ್ತಿದರೆ? ಕಾರಿನೊಳಗೆ ಇರುವವಳು ನನ್ನ ಅಕ್ಕ. ಎಲ್ಲದಕ್ಕೂ ಇರಲಿ ಎಂದು ಪಂಪಿನ ಬಾಯಿಯ ನಟ್ಟಿಗೆ ಸ್ಪ್ಯಾನರ್ ಇಟ್ಟು ಇನ್ನೊಂದು ಸುತ್ತು ತಿರುಗಿಸಿದೆ. ಗಟ್ಟಿಯಾಗಿದ್ದದ್ದು ತಟ್ಟನೆ ಸಡಿಲವಾಯಿತು. ಆಮೇಲೆ ಎಷ್ಟು ತಿರುಗಿಸಿದರೂ ಸುಮ್ಮನೆ ಸುತ್ತಿತು. ಪೆಟ್ರೋಲ್ ತೋಳಿನೊಳಕ್ಕೆ ತಣ್ಣಗೆ ಇಳಿಯಿತು. ಮತ್ತೆ ಕ್ಲ್ಯಾಂಪ್ ಹಾಕಿ, ಬ್ಯಾಟರಿ ಕಳಚಿ, ಬಟ್ಟೆ ಸುತ್ತಿ ನೋಡಿದೆ. ಏನು ಮಾಡಿ ಏನು?

ಅಕ್ಕ ಬಾಗಿಲಲ್ಲೇ ನಿಂತಳು. ವಾಸನೆ ಹೇಳಿಬಿಟ್ಟಿತ್ತು. ಬಗ್ಗಿ, ಕೈ ಚಾಚಿ, ಪಂಪಿನ ಬಾಯಿಯನ್ನು ಬೆರಳಿನಿಂದ ತಡವಿದಳು.

"ಥ್ರೆಡ್ ಹೋಯ್ತು. ಇನ್ನು ನಟ್ಟು ಕಚ್ಚಲ್ಲ."

"ಹಳೇದನ್ನೇ ಹಾಕ್ಲಾ?"

"ಅದು ಒಡೆದಿದೆಯಲ್ಲೋ."

ಬೈಯಲಿಲ್ಲ. ಬೈದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ನೆಲ ಒರೆಸಿದೆ, ಕಾರು ಇಳಿಸಿದೆ, ಬಾಗಿಲು ಕಿಟಕಿ ಎಲ್ಲ ತೆರೆದೆ. ಮಾಡಲು ಮತ್ತೇನೂ ಉಳಿಯಲಿಲ್ಲ. ಅಕ್ಕ ಹೋಗಿ ಸ್ಟಿಯರಿಂಗ್ ಮುಂದೆ ಕೂತಳು. ನಾನು ಪಕ್ಕದಲ್ಲಿ ಕೂತೆ. ಕನ್ನಡಿ ಸರಿಮಾಡಿಕೊಂಡು, ಕ್ಲಚ್ ಒತ್ತಿ, ಫಸ್ಟ್ ಗೇರಿಗೆ ಹಾಕಿ, ಕಲಿಯುವವರನ್ನು ಕೇಳುತ್ತಿದ್ದ ಅದೇ ದನಿಯಲ್ಲಿ ಕೇಳಿದಳು:

"ಮುಂದೆ ಏನಾದ್ರೂ ಇದೆಯಾ?"

"ಏನೂ ಇಲ್ಲ ಅಕ್ಕ. ಖಾಲಿ ಮೈದಾನ."

ಅವಳು ಸ್ವಲ್ಪ ಹೊತ್ತು ನೇರ ನೋಡಿದಳು.

"ಶೆಡ್ಡಿನ ಗೋಡೆ ಇದೆ. ಅಷ್ಟು ಇನ್ನೂ ಕಾಣುತ್ತೆ."

ಗೇರು ತೆಗೆದು ಹ್ಯಾಂಡ್‌ಬ್ರೇಕ್ ಎಳೆದಳು. ಅದು ಬಿಗಿಯಾಗಿ ನಿಂತಿತು. ಆಮೇಲೆ ಎರಡೂ ಕೈಯಲ್ಲಿ ಹಿಡಿದು ಇನ್ನೊಂದು ಸಲ ಎಳೆದಳು.