ಓರೆಗಣ್ಣಿಗೆ ಕಂಡದ್ದು

ನೀರು ಸರಬರಾಜು ಕಚೇರಿಯ ನಕ್ಷೆ ಕೋಣೆಯಲ್ಲಿ ಆಕೆ ಹರೆಯದಿಂದಲೂ ಊರಿನ ಕೊಳವೆಗಳನ್ನು ಬರೆಯುತ್ತ ಬಂದವಳು. ಮೊದಲು ಹಾಸಿಗೆಯಷ್ಟು ಅಗಲದ ಮೇಜಿನ ಮೇಲೆ, ಮಸಿಯಲ್ಲಿ, ಈಚೆಗೆ ಕಂಪ್ಯೂಟರಿನಲ್ಲಿ. ಬೆನ್ನು ಉಬ್ಬಿದ ಹಳೆಯ ಮಾನಿಟರು ಮೇಜಿನ ಅರ್ಧವನ್ನು ನುಂಗಿಕೊಂಡು ಕೂತಿತ್ತು. ಮಧ್ಯಾಹ್ನವಾಗುವಷ್ಟರಲ್ಲಿ ಹುಬ್ಬಿನ ಹಿಂದೆ ನೋವು ಬಂದು ನೆಲೆಸುತ್ತಿತ್ತು. ಸಂಜೆಗೆ ಕಣ್ಣಲ್ಲಿ ಮರಳು ಹೊಯ್ದಂತೆ. ಮೊನ್ನೆ ಎರಡು ಬೀದಿಗಳ ಕೊಳವೆಯ ಕವಾಟಗಳನ್ನು, ಅಂದರೆ ವಾಲ್ವುಗಳನ್ನು, ಅದಲುಬದಲಾಗಿ ಗುರುತಿಸಿದ್ದಳು. ಅದು ಈ ಬೆಳಿಗ್ಗೆ ಗೊತ್ತಾದಾಗಲೂ ಮೇಲಧಿಕಾರಿ ಗದರಲಿಲ್ಲ.

"ಅರ್ಜಿ ತಗೊಳ್ಳೋ ಕಿಟಕಿಗೆ ಬಂದ್ಬಿಡಿ. ಕಣ್ಣಿಗೂ ಆರಾಮ. ಯೋಚ್ನೆ ಮಾಡಿ ನಾಳೆ ಹೇಳಿ," ಎಂದಿದ್ದರು.

ಆ ಮೃದುತನವೇ ಹೆಚ್ಚು ಚುಚ್ಚಿತು. ನಕ್ಷೆಯಿಲ್ಲದ ಕೆಲಸವನ್ನು ಆಕೆ ಕೆಲಸವೆಂದು ಎಣಿಸಿದವಳಲ್ಲ.

ತಪ್ಪೆಲ್ಲವನ್ನೂ ತಮ್ಮನ ತಲೆಗೆ ಕಟ್ಟಿದ್ದಳು. ಅವನದು ಕನ್ನಡಕದ ಅಂಗಡಿ. ಎರಡು ಸಲ ಗಾಜು ಬದಲಿಸಿಕೊಟ್ಟಿದ್ದವನು ಆ ಸಂಜೆ ಇನ್ನೊಂದು ಕನ್ನಡಕ ಹಿಡಿದು ತಾನೇ ಕಚೇರಿಗೆ ಬಂದ.

"ನಿನ್ನ ಗಾಜಿಗಿಂತ ಬಾಟ್ಲಿ ತಳ ವಾಸಿ ಕಣೋ," ಎಂದಳು.

"ಊರಿಗೆಲ್ಲ ಸರಿಹೋಗುತ್ತೆ, ಒಡಹುಟ್ಟಿದೋಳಿಗೆ ಮಾತ್ರ ಹಿಡಿಸಲ್ಲ. ಹಾಕ್ಕೊಂಡು ನೋಡಕ್ಕ, ಆಮೇಲೆ ಬೈಯುವೆಯಂತೆ."

ಆಕೆ ಹಾಕಿಕೊಂಡು ಪರದೆಯ ಕಡೆ ತಿರುಗಿದಳು. ಅವನು ಪಕ್ಕದಲ್ಲಿ ಕೂತು, ಗಾಜು ಒರೆಸುವ ಬಟ್ಟೆಯನ್ನು ಮಡಿಸುತ್ತ, ಅಕ್ಕನ ಮುಖವನ್ನೇ ನೋಡುತ್ತಿದ್ದ. ಮಡಿಸುವ ಕೈ ನಿಂತಿತು.

"ಅಕ್ಕ, ನಿನ್ನ ಪರದೆ ನಡುಗ್ತಿದೆ."

"ನಿನ್ನ ತಲೆ ನಡುಗ್ತಿರ್ಬೇಕು. ಗೆರೆ ನೆಟ್ಟಗಿದೆ ನೋಡು."

ಅವನು ನೇರ ನೋಡಿದ. ಗೆರೆ ನೆಟ್ಟಗೇ ಇತ್ತು. ಮತ್ತೆ ಅಕ್ಕನತ್ತ ತಿರುಗಿದ. ಕಣ್ಣಂಚಿನಲ್ಲಿ ಬಿಳಿಯ ಬೆಳಕು ಪಟಪಟನೆ ಮಿಡಿಯಿತು.

"ಅದನ್ನ ನೋಡ್ಬೇಡ, ಕಿಟಕಿ ನೋಡು. ಪರದೆ ಓರೆಗಣ್ಣಲ್ಲಿರ್ಲಿ."

ಕಿಟಕಿಯಾಚೆ ನೀರಿನ ತೊಟ್ಟಿಯ ಏಣಿ. ಅದನ್ನು ದಿಟ್ಟಿಸುತ್ತಿದ್ದಂತೆ ಬದಿಯಲ್ಲಿ ಆಕೆಯ ಊರಿಗೆ ಊರೇ ಅದುರತೊಡಗಿತು. ನೇರ ನೋಟಕ್ಕೆ ಸಿಕ್ಕದ ಈ ನಡುಕವನ್ನು ಕಣ್ಣುಗಳು ಇಷ್ಟು ದಿನ ಹೇಳದೆ ಕೇಳದೆ ಹೊತ್ತುಕೊಂಡು ಬಂದಿದ್ದವು.

"ನನ್ನ ಅಂಗಡೀಲೂ ಇಂಥದ್ದೊಂದಿತ್ತು," ಎನ್ನುತ್ತ ಅವನು ಮೌಸ್ ಹಿಡಿದು ಹುಡುಕಿದ. "ನೋಡು, ರಿಫ್ರೆಶ್ ರೇಟ್ ಅರವತ್ತು. ಸೆಕೆಂಡಿಗೆ ಅಷ್ಟೇ ಸಲ ಚಿತ್ರ ಮತ್ತೆ ಬರೀತಿದೆ, ಮಧ್ಯೆ ಮಧ್ಯೆ ಮಂಕಾಗ್ತಿದೆ. ಎಂಬತ್ತೈದಾದ್ರೂ ಇರ್ಬೇಕು. ಇಲ್ಲಿ ಬೇರೆ ಅಂಕಿನೇ ಇಲ್ಲ. ಯಾರಾದ್ರೂ ಇದರಲ್ಲಿ ಕೈಯಾಡಿಸಿದ್ರಾ?"

ಆಕೆ ಆ ಅಂಕಿಯತ್ತ ಬಾಗಿದಳು. ದೊಡ್ಡ ಹಾಳೆಯ ಮೇಲೆ ಬಾಗಿ ಬೆಳೆದ ಕಣ್ಣಿಗೆ ಊರು ತುಂಡುತುಂಡಾಗಿ ಕಾಣುವುದು ಸಹಿಸದೆ, ಕಂಪ್ಯೂಟರು ಬಂದ ವಾರವೇ ಪರದೆಯ ಚುಕ್ಕೆಗಳ ಅಳತೆಯನ್ನು, ಅಂದರೆ ರೆಸಲ್ಯೂಶನ್ನನ್ನು, ಏರಿಸಿ, ಎಲ್ಲ ಬೀದಿಗಳನ್ನೂ ಒಂದೇ ನೋಟಕ್ಕೆ ತಂದುಕೊಂಡಿದ್ದಳು. ಅಷ್ಟೊಂದು ಚುಕ್ಕೆಗಳನ್ನು ಹೊತ್ತ ಮೇಲೆ ಆ ಯಂತ್ರಕ್ಕೆ ಬೇಗಬೇಗ ಬರೆಯುವ ಕಸುವು ಉಳಿದಿರಲಿಲ್ಲ.

"ನಾನೇ ಕಣೋ," ಎಂದಳು.

"ಮತ್ತೆ ಬಾಟ್ಲಿ ತಳ ಅಂದೆ?"

"ಆ ಮಾತೇನೂ ವಾಪಸ್ ತಗೊಳ್ಳಲ್ಲ. ಅಳತೆ ಇಳಿಸು."

ಅವನು ಅಳತೆಯನ್ನು ಇಳಿಸಿ, ಅಂಕಿಯನ್ನು ಎಂಬತ್ತೈದಕ್ಕೆ ಏರಿಸಿದ. ಪರದೆ ಒಂದು ಗಳಿಗೆ ಕಪ್ಪಾಗಿ ಮರಳಿತು. ಊರಿನ ಅರ್ಧ ಚೌಕಟ್ಟಿನಾಚೆ ಜಾರಿಹೋಗಿತ್ತು. ಉಳಿದರ್ಧ, ಕಿಟಕಿಯತ್ತ ನೋಡುವಾಗಲೂ, ಬದಿಯಲ್ಲಿ ಕದಲದೆ ನಿಂತಿತ್ತು. ನಡುಕ ಹೋದ ಸಮಾಧಾನಕ್ಕಿಂತ ಮೊದಲು ಆಕೆಗೆ ಆದದ್ದು ಕಾಣದ ಅರ್ಧಕ್ಕಾಗಿ ಸಂಕಟ.

ಮರುದಿನ ಮಧ್ಯಾಹ್ನ ಮೇಲಧಿಕಾರಿ ಬಾಗಿಲಲ್ಲಿ ನಿಂತರು. "ಏನ್ ಯೋಚ್ನೆ ಮಾಡಿದ್ರಿ?"

ಆಕೆ ಹುಬ್ಬಿನ ಮೇಲೆ ಬೆರಳಿಟ್ಟು ನೋಡಿಕೊಂಡಳು. ನೋವು ಬಂದಿರಲಿಲ್ಲ.

"ಇಲ್ಲೇ ಇರ್ತೀನಿ ಸರ್. ಕೆಲ್ಸ ಸ್ವಲ್ಪ ನಿಧಾನ ಆಗ್ಬಹುದು."

"ಮೊದ್ಲು ಊರು ಪೂರ್ತಿ ಕಾಣ್ತಿತ್ತಲ್ಲ ಇದರಲ್ಲಿ?"

"ಈಗ ಸರಿಸ್ಕೊಂಡು ನೋಡ್ಬೇಕು."

ಆಕೆ ಕೀಲಿಯೊತ್ತಿದಳು. ಅಂಚಿನಲ್ಲಿ ಕಡಿದುಹೋದಂತಿದ್ದ ಕೊಳವೆ ಮೆಲ್ಲಗೆ ಒಳಸರಿದು ತನ್ನ ಕವಾಟವನ್ನು ತಲುಪಿತು. ಈ ಸಲ ಅದು ತನ್ನದೇ ಬೀದಿಯಲ್ಲಿತ್ತು.